ಹಳಿ ಎದ್ದುಹೋದ ಮೇಲೆ ಉಳಿದ 260 ಮೀಟರ್

ಮೇ ತಿಂಗಳ ಎರಡನೆಯ ವಾರ, ಸಂಜೆ ಐದೂವರೆಗೆ ಶುರುವಾದ ಮಳೆ ಆರೂಕಾಲಿಗೆ ನಿಂತಿತು. ಮುಕ್ಕಾಲು ಗಂಟೆ, ಅಷ್ಟೇ. ಕೊಡೆ ಹಿಡಿದು ದಿಬ್ಬದ ಮೇಲೆ ಹೋಗಿ ನೋಡಿದರೆ, ನಡೆಯುವ ಹಾದಿಗೆಂದು ಮೂರು ಶನಿವಾರ ಬೆವರು ಸುರಿಸಿ ನಾವು ಹಾಸಿದ್ದ ಕಲ್ಲುಪುಡಿ ಕಾಣೆಯಾಗಿತ್ತು. ಕೊಚ್ಚಿಕೊಂಡು ಹೋಗಿದ್ದರೆ ಪಕ್ಕದ ಚರಂಡಿಯಲ್ಲಾದರೂ ಸಿಗಬೇಕಿತ್ತು, ಅಲ್ಲಿಯೂ ಇರಲಿಲ್ಲ. ಕೆಳಗಿನ ದಪ್ಪ ಜಲ್ಲಿ ಮಾತ್ರ ತೊಳೆದಿಟ್ಟ ಹಾಗೆ ಹಲ್ಲು ಕಿರಿದುಕೊಂಡು ಕೂತಿತ್ತು. ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂಬ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಅವತ್ತು ಅದನ್ನು ಕಣ್ಣಾರೆ ಕಂಡೆ.

ಪುಡಿ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಮೊದಲು ಈ ದಿಬ್ಬ ಯಾವುದು ಎಂದು ಹೇಳಬೇಕು.

ಯಶವಂತಪುರದಿಂದ ಸ್ವಲ್ಪ ಆಚೆ, ಮುಚ್ಚಿಹೋದ ಕಾರ್ಖಾನೆಯೊಂದರ ಹಿಂಗೋಡೆಗೆ ಒತ್ತಿಕೊಂಡು ಅದು ಮಲಗಿದೆ. ನಮ್ಮ ಬಡಾವಣೆಯ ಮಕ್ಕಳಿಗೆ ಅದು ಹಾವಿನ ದಿಬ್ಬ. ಅಸಲಿಗೆ ರೈಲಿನ ಸೈಡಿಂಗ್. ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್ ಇದ್ದ ಕಾಲದಲ್ಲಿ ಗೂಡ್ಸ್ ವ್ಯಾಗನ್‌ಗಳು ಮುಖ್ಯ ಮಾರ್ಗದಿಂದ ಕವಲೊಡೆದು ನೇರವಾಗಿ ಗೋದಾಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. 1992ರಲ್ಲಿ ರೈಲ್ವೆಯವರು ಹಳಿಗಳನ್ನು ಒಂದೇ ಗೇಜಿಗೆ ತರುವ ಯೂನಿಗೇಜ್ ಯೋಜನೆ ಕೈಗೆತ್ತಿಕೊಂಡ ಮೇಲೆ ಈ ಕಡೆಯ ಮುಖ್ಯ ಮಾರ್ಗಗಳು ಒಂದೊಂದಾಗಿ ಬ್ರಾಡ್ ಗೇಜ್ ಆದವು. 1676 ಮಿಲಿಮೀಟರ್ ಗೇಜಿನ ವ್ಯಾಗನ್ 1000 ಮಿಲಿಮೀಟರ್ ಹಳಿಯ ಮೇಲೆ ಬರುವುದಾದರೂ ಹೇಗೆ? ಸೈಡಿಂಗ್ ಸತ್ತಿತು. ಕೆಲವು ವರ್ಷಗಳ ನಂತರ ಕಾರ್ಖಾನೆಯೂ ಸತ್ತಿತು. ಹಳಿಗಳಲ್ಲಿ ಬಹುಪಾಲು ಗುಜರಿಗೆ ಹೋದವು. ಉಳಿದದ್ದು ಜಲ್ಲಿ, ಹನ್ನೊಂದು ಮರದ ಸ್ಲೀಪರ್ (ಹಳಿಯ ಅಡಿಗೆ ಅಡ್ಡಲಾಗಿ ಇಡುವ ದಿಮ್ಮಿ), ಎರಡು ಹಳಿ, ಒಂದು ಮೋರಿ ಮತ್ತು ಲಂಟಾನ.

ನಾನು ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತವನು. ನಿವೃತ್ತನಾದ ಮೇಲೆ ಮಂಡಿನೋವಿಗೆ ವೈದ್ಯರು ದಿನಾ ನಡೆಯಿರಿ ಎಂದರು. ನಮ್ಮ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹತ್ತು ಹೆಜ್ಜೆಗೊಮ್ಮೆ ಹತ್ತಿ ಇಳಿಯಬೇಕು. ಅದು ಮಂಡಿಗೆ ಮದ್ದಾಗುವ ಬದಲು ವೈದ್ಯರಿಗೆ ಆದಾಯವಾಗುತ್ತಿತ್ತು. ರೈಲು ಓಡಿದ ಜಾಗಕ್ಕಿಂತ ಸಮತಟ್ಟಾದ ನೆಲ ಊರಿನಲ್ಲಿ ಇನ್ನೆಲ್ಲಿದೆ ಎಂಬ ಯೋಚನೆ ಅಲ್ಲಿಂದ ಬಂತು.

ಜನವರಿ: ಕಾಗದ ಮತ್ತು ಕಳೆ

ಕಾಗದದ ಕೆಲಸ ಎರಡು ತಿಂಗಳು ಹಿಡಿಯಿತು. ಅದರ ಪುರಾಣ ಬೇಡ, ಸಾರ ಇಷ್ಟು. ಕಾಂಪೌಂಡಿನ ಒಳಗಿನ ಸೈಡಿಂಗ್ ಕಾರ್ಖಾನೆಯ ಮಾಲೀಕರದ್ದು, ಹೊರಗಿನದು ರೈಲ್ವೆಯದು. ಒಳಗಿನ ಭಾಗಕ್ಕೆ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದೆವು. ಬಿದ್ದಿರುವ ಹಳಿ, ಸ್ಲೀಪರ್ ಅವರದೇ ಸ್ವತ್ತು ಎಂಬ ಮಾತನ್ನೂ ಅದೇ ಪತ್ರದಲ್ಲಿ ಬರೆಸಿಕೊಂಡೆವು. ರೈಲ್ವೆ ಸಾಮಾನನ್ನು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯೊಂದು ಬೆನ್ನು ಹತ್ತುತ್ತದೆ. ಎರಡು ಹಳಿಗಳನ್ನು ಜೋಡಿಸುವ ಹಳೆಯ ಫಿಶ್ ಪ್ಲೇಟನ್ನು ಚೆಂದವಾಗಿದೆ ಎಂದು ಮನೆಗೆ ಒಯ್ಯುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಗೇಟಿನ ಆಚೆ, ಚಾಲ್ತಿಯಲ್ಲಿರುವ ಮಾರ್ಗದ ಕಡೆಗೆ ಇನ್ನೂ ನಲವತ್ತು ಮೀಟರ್ ದಿಬ್ಬವಿತ್ತು. ಅದನ್ನು ಬಿಟ್ಟುಬಿಟ್ಟೆವು. ರೈಲ್ವೆ ಜಾಗಕ್ಕೆ ಅನುಮತಿಯಿಲ್ಲದೆ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲೊಂದು ಬೇಲಿ ಹಾಕಿಸಿದೆವು. ನಮಗೆ ಸಿಕ್ಕಿದ್ದು 260 ಮೀಟರ್.

ಕಾಯಂ ಆಗಿ ಕೈಜೋಡಿಸಿದವರು ಏಳೆಂಟು ಜನ. ಮೊದಲ ದಿನ ನಲವತ್ತು ಜನ ಬಂದು ಫೋಟೊ ತೆಗೆಸಿಕೊಂಡರು, ಅದು ಬೇರೆ ಮಾತು. ಕಾಲೇಜು ಹುಡುಗಿಯೊಬ್ಬಳು ನ್ಯೂಯಾರ್ಕಿನ ಹೈಲೈನ್ ಚಿತ್ರ ತೋರಿಸಿ, "ಅಂಕಲ್, ನಮ್ಮದೂ ಹೀಗೇ ಆಗಬೇಕು" ಎಂದಳು. 2009ರಲ್ಲಿ ಮೊದಲ ಭಾಗ ತೆರೆದ ಆ ಹಾದಿ ಹಳೆಯ ರೈಲು ಮೇಲ್ಸೇತುವೆಯ ಮೇಲಿನ ಉದ್ಯಾನ. ಅದರ ಒಂದು ಬೆಂಚಿನ ಖರ್ಚಿನಲ್ಲಿ ನಮ್ಮ ಹಾದಿಯೇ ಮುಗಿಯುತ್ತದೆಯೇನೋ. ನಾನು ಅವಳಿಗೆ ಅಮೆರಿಕದ್ದೇ ಇನ್ನೊಂದನ್ನು ತೋರಿಸಿದೆ. ವಿಸ್ಕಾನ್ಸಿನ್‌ನ ಎಲ್‌ರಾಯ್–ಸ್ಪಾರ್ಟಾ ಹಾದಿ, 1960ರ ದಶಕದ್ದು, 32 ಮೈಲಿ. ಹಳಿ ಕಿತ್ತ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಅದುಮಿದ್ದಾರೆ. ಕಲ್ಲುಪುಡಿಯಾದರೆ ನಮಗೂ ಸಿಗುತ್ತದೆ, ನಮ್ಮದು ಗ್ರಾನೈಟ್ ಅಷ್ಟೇ. ಈ ಜಾಣತನವೇ ಮುಂದೆ ಮೇ ತಿಂಗಳಲ್ಲಿ ನನ್ನನ್ನು ಕೆಡವಿತು.

ಕಳೆ ಕೀಳುವಾಗ ಕಲಿತದ್ದು: ಪಾರ್ಥೇನಿಯಂ ಹೂ ಬಿಡುವ ಮೊದಲೇ ಬೇರುಸಹಿತ ಬರಬೇಕು, ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಬರಿಗೈಯಲ್ಲಿ ಕಿತ್ತ ಹುಡುಗನಿಗೆ ಮೊಣಕೈವರೆಗೆ ಕೆಂಪು ಗಂಧೆಯೆದ್ದಿತು. ಜಲ್ಲಿಯ ಸಂದಿಗಳಲ್ಲಿ ಇಲಿ, ಇಲಿಯ ಹಿಂದೆ ಹಾವು. ಮಕ್ಕಳಿಟ್ಟ ಹೆಸರು ಸುಳ್ಳಾಗಿರಲಿಲ್ಲ. ಎರಡು ಕೇರೆಹಾವು ತಾವಾಗಿ ಸರಿದುಹೋದವು. ಮೋರಿಯ ಹತ್ತಿರ ಕೊಳಕುಮಂಡಲದ ಪೊರೆ ಸಿಕ್ಕಿತು. ಹಾವು ಹಿಡಿಯುವವರನ್ನು ಕರೆಸಿ ಮೋರಿ ನೋಡಿಸಿದ ಮೇಲೆಯೇ ಅಲ್ಲಿ ಕೈ ಹಾಕಿದ್ದು. ಎಕ್ಕ, ತಂಗಡಿ, ಲಕ್ಕಿ ಗಿಡಗಳನ್ನು ಅಂಚಿನಲ್ಲಿ ಹಾಗೆಯೇ ಬಿಟ್ಟೆವು. ಎರಡು ಹಳಿಗಳಿದ್ದ ಜಾಗದ ನಟ್ಟನಡುವೆ ಒಂದು ಹೊಂಗೆ ಮರ ಬೆಳೆದಿದೆ. ಅದನ್ನು ಕಡಿಯಲು ಅರ್ಜಿ ಹಾಕೋಣ ಎಂದವರಿದ್ದರು. ಹಾದಿಯನ್ನೇ ಒಂದು ಮೀಟರ್ ಬಾಗಿಸಿದೆವು. ರೈಲಿಗೆ ಬಾಗಲು ಬರುವುದಿಲ್ಲ, ಕಾಲಿಗೆ ಬರುತ್ತದೆ.

ಫೆಬ್ರವರಿ: ಮೋರಿ

118ನೇ ಮೀಟರಿನಲ್ಲಿ ದಿಬ್ಬದ ಅಡಿಯಲ್ಲಿ ಕಲ್ಲಿನ ಮೋರಿಯಿದೆ. ಎರಡೂ ಪಕ್ಕ ಸೈಜುಗಲ್ಲಿನ ಗೋಡೆ, ಮೇಲೆ ಚಪ್ಪಡಿ, ಎರಡಡಿ ಚೌಕದ ಬಾಯಿ. ಆ ಬಾಯಿ ನಮಗೆ ಕಾಣಿಸಿದ್ದೇ ಮೂರನೆಯ ದಿನ. ಮೇಲ್ಗಡೆ ಯಾರೋ ಮನೆ ಒಡೆದ ಇಟ್ಟಿಗೆ ಚೂರನ್ನೆಲ್ಲ ತಂದು ಸುರಿದಿದ್ದರು. ಒಳಗೆ ಹೂಳು, ಪ್ಲಾಸ್ಟಿಕ್ ಚೀಲ, ತೆಂಗಿನ ಚಿಪ್ಪು, ಒಂದು ಶಾಲಾ ಬೂಟು. ಚಪ್ಪಡಿಯ ಸಂದಿಯಿಂದ ಇಳಿದ ಅರಳಿಯ ಬೇರು ಇವನ್ನೆಲ್ಲ ಬಲೆಯಂತೆ ಹಿಡಿದಿಟ್ಟುಕೊಂಡಿತ್ತು. ಗಾರೆ ಮೇಸ್ತ್ರಿ ಮೊಣಕಾಲೂರಿ ಗರಗಸದಿಂದ ಬೇರು ಕತ್ತರಿಸಿದರು. ಬಾಂಡಲಿಯಲ್ಲಿ ಹೂಳು ಹೊತ್ತು ಹಾಕಿದೆವು. ಅರವತ್ತರ ನಂತರ ಎಣಿಸುವುದನ್ನು ಬಿಟ್ಟೆ. ಒಡೆದ ಒಂದು ಚಪ್ಪಡಿಯನ್ನು ಬದಲಿಸಿ, ಹಳೆಯದನ್ನು ಎರಡು ಸೈಜುಗಲ್ಲಿನ ಮೇಲೆ ಕೂರಿಸಿ ಬೆಂಚು ಮಾಡಿದೆವು.

ಬೆಂಚಿಗೆ ಸ್ಲೀಪರನ್ನೇ ಬಳಸಬಹುದಲ್ಲ ಎಂದು ಎಲ್ಲರೂ ಕೇಳಿದರು. ಮರದ ಸ್ಲೀಪರಿಗೆ ಗೆದ್ದಲು ಹಿಡಿಯದಂತೆ ಕ್ರಿಯೋಸೋಟ್ ಕುಡಿಸಿರುತ್ತಾರೆ. ಬಿಸಿಲೇರಿದಾಗ ನಮ್ಮ ಹನ್ನೊಂದೂ ಟಾರಿನ ವಾಸನೆ ಬೀರುತ್ತಿದ್ದವು, ಕರಿ ಜಿಡ್ಡು ಜಿನುಗುತ್ತಿತ್ತು. ಚರ್ಮಕ್ಕೆ ತಾಗಬಾರದ, ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು ಅದು. ಅದರ ಮೇಲೆ ಮಕ್ಕಳನ್ನು ಕೂರಿಸುವುದೇ? ಹಂಡೆ ಒಲೆಗೆ ಸೌದೆಯಾಗುತ್ತದೆ ಕೊಡಿ ಎಂದು ಕೇಳಿದವರಿಗೂ ಇಲ್ಲವೆಂದು ನಿಷ್ಠುರನಾದೆ, ಹೊಗೆ ಇನ್ನೂ ಕೆಟ್ಟದ್ದು. ಹನ್ನೊಂದನ್ನೂ ಮಾಲೀಕರಿಗೇ ಒಪ್ಪಿಸಿದೆವು.

ಮಾರ್ಚ್: ಮಟ್ಟ ನೋಡಿದ್ದು

ನೆಲದ ಏರಿಳಿತ ಅಳೆಯಲು ಯಂತ್ರ ಬೇಕಿಲ್ಲ, ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹದಿನೈದು ಮೀಟರ್ ಪಾರದರ್ಶಕ ಪೈಪು, ಅದರೊಳಗೆ ನೀರು, ನೀರಿಗೆ ಬಟ್ಟೆಗೆ ಹಾಕುವ ನೀಲಿ ಎರಡು ಹನಿ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಬೆರಳಿನಿಂದ ಟಕಟಕ ಬಡಿದು ಎಲ್ಲವನ್ನೂ ಹೊರಡಿಸಬೇಕು. ಹತ್ತು ಮೀಟರಿಗೊಂದರಂತೆ 27 ಗೂಟ ಹೊಡೆದು, ಒಂದು ತುದಿ ಮೇಸ್ತ್ರಿ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕೊನೆಯ ಗೂಟ ಮುಟ್ಟಿ, ಅಲ್ಲಿಂದ ವಾಪಸ್ ಅಳೆಯುತ್ತಾ ಬಂದರೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಲೇತ್ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಬೈಸಿಕೊಂಡವನಿಗೆ ಇಲ್ಲಿ ಒಂದು ಸೆಂಟಿಮೀಟರ್ ಹಬ್ಬವಾಯಿತು.

260 ಮೀಟರಿಗೆ ಒಟ್ಟು ಇಳಿಜಾರು 65 ಸೆಂಟಿಮೀಟರ್. ಅಂದರೆ 400ಕ್ಕೆ ಒಂದು. ಗಾಲಿಕುರ್ಚಿಯ ಇಳಿಜಾರಿಗೆ ಸಾಮಾನ್ಯವಾಗಿ ಹೇಳುವ ಮಿತಿ 12ಕ್ಕೆ ಒಂದು. ನನ್ನ ಮಂಡಿಗೆ ಇದಕ್ಕಿಂತ ಏನು ಬೇಕು ಎಂದು ಹಿಗ್ಗಿದೆ. ಇಷ್ಟು ಸಪಾಟಾಗಿ ಕಟ್ಟಿದ್ದು ಏಕೆ ಎಂದು ಮೂರನೇ ಅಡ್ಡರಸ್ತೆಯ ಯಜಮಾನರನ್ನು ಕೇಳಿದೆ. ಅರಸೀಕೆರೆ ಕಡೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ದುಡಿದು, ಈಗ ಮಗನ ಮನೆಯಲ್ಲಿರುವವರು ಅವರು.

"ಸೈಡಿಂಗಿನಲ್ಲಿ ವ್ಯಾಗನ್ ಬಿಟ್ಟು ಇಂಜಿನ್ ಹೋಗಿಬಿಡುತ್ತದಲ್ಲ ಸ್ವಾಮಿ. ಇಳಿಜಾರಿದ್ದರೆ ಅದು ಅಲ್ಲೇ ನಿಲ್ಲುತ್ತದೆಯೇ? ಉರುಳಿಕೊಂಡು ಮೇನ್ ಲೈನಿಗೆ ಬಂದರೆ?"

ಸರಿ ಎಂದು ತಲೆಯಾಡಿಸಿದೆ. ವ್ಯಾಗನ್ ನಿಲ್ಲುವ ಕಡೆ ನೀರೂ ನಿಲ್ಲುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಏಪ್ರಿಲ್, ಮೇ: ತಪ್ಪು

ಮೊದಲ 60 ಮೀಟರ್ ಪ್ರಯೋಗಕ್ಕೆಂದು ಎರಡೂವರೆ ಟ್ರ್ಯಾಕ್ಟರ್ ಲೋಡ್ ಕ್ವಾರಿ ಡಸ್ಟ್, ಅಂದರೆ ಕಲ್ಲುಪುಡಿ ತರಿಸಿ, ಜಲ್ಲಿಯ ಮೇಲೆ ನೇರವಾಗಿ ಎರಡಿಂಚು ಹಾಸಿ, ನೀರು ಚಿಮುಕಿಸಿ ಕೈರೋಲರ್ ಎಳೆದೆವು. ನೋಡಲು ಟೆನಿಸ್ ಅಂಗಳದ ಹಾಗಿತ್ತು. ಮುಂದಿನ ಕಥೆ ಮೊದಲೇ ಹೇಳಿದ್ದೇನೆ.

ಮಳೆಯ ಮರುದಿನ ಹಾರೆ, ಗುದ್ದಲಿ ಹಿಡಿದು ಒಂದು ಗುಂಡಿ ತೋಡಿದೆ. ಅಂಗೈಯಿಂದ ಒಂದೊಂದೇ ಕಲ್ಲು ಎತ್ತಿಟ್ಟೆ. ಮೇಲಿನ ನಾಲ್ಕು ಇಂಚು ಸ್ವಚ್ಛವಾದ 50 ಮಿಲಿಮೀಟರ್ ಜಲ್ಲಿ, ಮೂಲೆಗಳು ಇನ್ನೂ ಚೂಪು. ಅದರ ಕೆಳಗೆ ಒಂದು ಬೆರಳಿನಷ್ಟು ದಪ್ಪದ ಬೂದುಬಿಳಿ ಪಟ್ಟಿ, ಮುಟ್ಟಿದರೆ ಒದ್ದೆ ಸಿಮೆಂಟಿನ ಹಾಗೆ. ನಮ್ಮ ಡಸ್ಟ್! ಅದರ ಕೆಳಗೆ ಕಲ್ಲಿದ್ದಲಿನ ಬೂದಿ ಬೆರೆತು ಕಪ್ಪಾದ ಹಳೆಯ ಮಣ್ಣು, ಆಮೇಲೆ ದಿಬ್ಬದ ಕೆಂಪು ಮಣ್ಣು. ನಾಲ್ಕು ಬಣ್ಣ, ಪದರ ಪದರವಾಗಿ.

ಯಜಮಾನರು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಇಣುಕಿದರು. "ರೈಲ್ವೆ ಜಲ್ಲಿ ಹಾಕುವುದೇ ನೀರು ಕೆಳಗೆ ಇಳಿಯಲಿ ಎಂದು. ಜರಡಿಯ ಮೇಲೆ ಹಿಟ್ಟು ಸುರಿದು ನೀರು ಬಿಟ್ಟರೆ ಇನ್ನೇನಾಗುತ್ತದೆ ಸ್ವಾಮಿ?"

"ಮೊದಲೇ ಹೇಳಬಾರದಿತ್ತೇ ಯಜಮಾನರೇ?"

"ನೀವು ಕೇಳಿದ್ದು ಇಳಿಜಾರಿನ ವಿಷಯ."

ರೈಲುಹಾದಿ ನೀರನ್ನು ತನ್ನೊಳಗೆ ಇಳಿಸಿಕೊಂಡು ಬದಿಗೆ ಬಿಡುತ್ತದೆ. ಸ್ಲೀಪರ್ ಒಣಗಿದ್ದರೆ ಅದಕ್ಕೆ ಸಾಕು. ನಡೆಯುವ ಹಾದಿಯಾದರೋ ನೀರನ್ನು ಬೆನ್ನ ಮೇಲಿಂದಲೇ ಜಾರಿಸಬೇಕು. ಎಲ್‌ರಾಯ್–ಸ್ಪಾರ್ಟಾದ ಚಿತ್ರದಲ್ಲಿ ಮೇಲಿನ ಪುಡಿ ಕಾಣಿಸುತ್ತದೆ, ಅದರಡಿಯಲ್ಲಿ ಏನಿದೆ ಎನ್ನುವುದು ಚಿತ್ರದಲ್ಲಿ ಕಾಣಿಸುವುದಿಲ್ಲ.

ಜೂನ್, ಜುಲೈ: ಎರಡನೇ ಸಲ

ಜರಡಿಯ ಕಣ್ಣು ಮುಚ್ಚಬೇಕು, ಅದೂ ಮೆಟ್ಟಿಲು ಮೆಟ್ಟಿಲಾಗಿ. ದಪ್ಪ ಜಲ್ಲಿಯನ್ನು ಹಲುಬೆಯಿಂದ ಎಳೆದು ಸಮ ಮಾಡಿ, ಅದರ ಮೇಲೆ 20 ಎಂ.ಎಂ. ಜಲ್ಲಿಯನ್ನು ಸಂದಿ ತುಂಬುವಷ್ಟು ಮಾತ್ರ ಹರಡಿ, ಬಾಡಿಗೆಗೆ ತಂದ ಪ್ಲೇಟ್ ಕಂಪಾಕ್ಟರ್ ಓಡಿಸಿದೆವು. ಅದು ನಡುಗಿದಷ್ಟೂ ಸಣ್ಣ ಕಲ್ಲು ಸಂದಿಗೆ ಇಳಿಯುತ್ತದೆ, ಮತ್ತೆ ಸ್ವಲ್ಪ ಹರಡಬೇಕು. ನಂತರ ಬೇಬಿ ಜಲ್ಲಿ, ಅಂದರೆ 12 ಎಂ.ಎಂ. ಅದೂ ಕುಳಿತ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿದೆವು: ನೀರು ಇಳಿಯಿತು, ಆದರೆ ತಡವರಿಸಿ ಇಳಿಯಿತು. ಆಗ ಮೇಲಿನ ಪದರಕ್ಕೆ ಕೈಹಾಕಿದೆವು. ಮೋರಿಯ ಎರಡೂ ಬದಿ ಮೂವತ್ತು ಮೀಟರ್ ಜಾಗದಲ್ಲಿ ಜಲ್ಲಿಗೆ ಕೆಸರು ತುಂಬಿತ್ತು. ಅಲ್ಲಿ ಮಾತ್ರ ಕಲ್ಲೆತ್ತಿ ಜಿಯೋಟೆಕ್ಸ್‌ಟೈಲ್, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಹಾಸಿದೆವು. ಉದ್ದಕ್ಕೂ ಹಾಸಲು ದುಡ್ಡಿರಲಿಲ್ಲ.

ಮೇಲಿನ ಪದರದ ಲೆಕ್ಕ: 260 ಮೀಟರ್ ಉದ್ದ, 1.8 ಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪ, ಒಟ್ಟು 23.4 ಘನ ಮೀಟರ್. ಅದುಮಿದಾಗ ಕುಗ್ಗುವುದಕ್ಕೆ ಕಾಲುಭಾಗ ಹೆಚ್ಚು. ನೂರು ಘನ ಅಡಿಯ ಟ್ರ್ಯಾಕ್ಟರ್ ಲೋಡಿನಲ್ಲಿ ಹತ್ತು, ಮೇಲೆ ಸ್ವಲ್ಪ. ಬರಿಯ ಗ್ರಾನೈಟ್ ಡಸ್ಟಿಗೆ ಅಂಟುಗುಣವಿಲ್ಲ, ಬೇಸಿಗೆಯಲ್ಲಿ ಹಾರುತ್ತದೆ. ಆರು ಬಾಂಡಲಿ ಡಸ್ಟಿಗೆ ಒಂದು ಬಾಂಡಲಿ ಮೊರಂ ಮಣ್ಣು ಬೆರೆಸಿದೆವು. ಹದ ನೋಡುವ ಕ್ರಮವನ್ನು ಮೇಸ್ತ್ರಿ ಕಲಿಸಿದರು. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಹಿಂಡಿ ಕೈ ಬಿಡಿಸಬೇಕು. ಬೆರಳಿನ ಗುರುತು ಮೂಡಿ ಉಂಡೆ ನಿಂತರೆ ಸರಿ. ಪುಡಿಯಾದರೆ ನೀರು ಸಾಲದು, ಅಂಗೈಗೆ ಮೆತ್ತಿದರೆ ನೀರು ಹೆಚ್ಚು. ತಂಬಿಟ್ಟು ಕಟ್ಟುವ ನಮ್ಮ ಮನೆಯವರು ಒಂದೇ ಸಲಕ್ಕೆ ಹದ ಹಿಡಿದರು. ನನಗೆ ನಾಲ್ಕು ಸಲ ಬೇಕಾಯಿತು.

ಒಂದು ಲೋಡ್ ವಾಪಸ್ ಕಳಿಸಿದ್ದೂ ಇದೇ ಮುಷ್ಟಿ ಪರೀಕ್ಷೆಯಿಂದ. ಡಸ್ಟ್ ಎಂದು ತಂದು ಸುರಿದದ್ದರಲ್ಲಿ ಅರ್ಧ ಜೇಡಿ. ಟ್ರ್ಯಾಕ್ಟರಿನವರ ಜೊತೆ ಅರ್ಧ ಗಂಟೆ ಜಗಳ. "ನಡೆಯುವುದಕ್ಕೆ ತಾನೇ ಸಾರ್, ಮನೆ ಕಟ್ಟುವುದಕ್ಕೇನೂ ಅಲ್ಲವಲ್ಲ" ಎಂದರು. ಒಯ್ದರು.

ಉದ್ದಕ್ಕೆ ಇಳಿಜಾರು ಇಲ್ಲದ ಮೇಲೆ ಅಡ್ಡಕ್ಕೆ ಕೊಡಬೇಕು. ಪಶ್ಚಿಮಕ್ಕೆ ಕಾಂಪೌಂಡ್ ಗೋಡೆ, ಪೂರ್ವಕ್ಕೆ ಹಳೆಯ ಚರಂಡಿ. ಹಾಗಾಗಿ ನಡುವೆ ಉಬ್ಬು ಮಾಡದೆ ಇಡೀ ಹಾದಿಯನ್ನು ಪೂರ್ವಕ್ಕೆ ವಾಲಿಸಿದೆವು, 40ಕ್ಕೆ ಒಂದರಂತೆ. 1.8 ಮೀಟರಿಗೆ ನಾಲ್ಕೂವರೆ ಸೆಂಟಿಮೀಟರ್. ಗಾರೆಯವರ ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿಯ ಅಡಿಗೆ ಅಷ್ಟೇ ದಪ್ಪದ ಮರದ ತುಂಡು ಬಿಗಿದೆ. ಆ ತುದಿಯನ್ನು ಪೂರ್ವಕ್ಕೆ ಇಟ್ಟು, ಮೇಲೆ ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಂತರೆ ವಾಟ ಸರಿ. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಮಾಡಿದ ಅತಿ ಸರಳ ಅಳತೆಯ ಗೇಜು ಇದು, ಎಲ್ಲರೂ ಕೈಗೆತ್ತಿಕೊಂಡದ್ದೂ ಇದನ್ನೇ. ಕಂಪಾಕ್ಟರ್ ಸದ್ದಿಗೆ ಅಕ್ಕಪಕ್ಕದವರು ರೇಗಿದ್ದರಿಂದ ಶನಿವಾರ ಒಂಬತ್ತರಿಂದ ಹನ್ನೆರಡು ಮಾತ್ರ ಓಡಿಸುತ್ತಿದ್ದೆವು. ಬೂಟಿನ ಹಿಮ್ಮಡಿ ಒತ್ತಿ ತಿರುಗಿಸಿದರೆ ಕುಳಿ ಬೀಳಬಾರದು, ಅಲ್ಲಿಯವರೆಗೆ.

ಆಗಸ್ಟ್: ಎರಡು ಹಳಿ

ಉಳಿದ ಎರಡು ಹಳಿಗಳನ್ನು ಹಾದಿಯ ಆರಂಭದಲ್ಲಿ, ಮೊದಲಿನ ಗೇಜಿನಲ್ಲೇ ಕೂರಿಸೋಣ ಎಂದು ಯಜಮಾನರ ಆಸೆ. ಹಳಿಯ ಸೊಂಟದ ಮೇಲೆ ಉಬ್ಬಕ್ಷರಗಳಿರುತ್ತವೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸೀಮೆಸುಣ್ಣವನ್ನು ಅಡ್ಡಲಾಗಿ ಎಳೆದರೆ ಅಕ್ಷರಗಳು ಬಿಳಿಯಾಗಿ ಎದ್ದು ಬರುತ್ತವೆ. 60 ಎಂಬುದು ಬಂತು, 19 ಎಂಬುದು ಬಂತು, ಮುಂದಿನ ಎರಡು ಅಂಕೆಗಳನ್ನು ತುಕ್ಕು ತಿಂದಿತ್ತು. 60 ಎಂದರೆ ಗಜಕ್ಕೆ 60 ಪೌಂಡು. ಹಳಿಯ ಉದ್ದ 39 ಅಡಿ, ಅಂದರೆ 13 ಗಜ. 780 ಪೌಂಡು, ಸುಮಾರು 354 ಕಿಲೋ. ನಾವು ಎಂಟು ಜನ, ನಾಲ್ಕು ಹಾರೆ. ಎತ್ತಲು ಹೋಗಬೇಡಿ, ಸರಿಸಿ ಎಂದು ಯಜಮಾನರು ತಾಕೀತು ಮಾಡಿ, ಹಾರೆಯ ತುದಿ ಎಲ್ಲಿ ಊರಬೇಕೆಂದು ಕೋಲಿನಿಂದ ತೋರಿಸಿ, ಐಲಸಾ ಹೇಳಿದರು. ಅಷ್ಟು ಸಣ್ಣ ಮೈಯಿಂದ ಅಂಥ ದನಿ ಹೇಗೆ ಬಂತೋ. ಒಂದು ಕೂಗಿಗೆ ಒಂದು ಗೇಣು. ಹದಿಮೂರು ಮೀಟರ್ ದೂರ ಸರಿಸಲು ಇಡೀ ಬೆಳಿಗ್ಗೆ ಬೇಕಾಯಿತು.

ಹಳಿಯ ಪಕ್ಕದ ಸಂದಿ ಅಪಾಯ. ಸೈಕಲ್ಲಿನ ಚಕ್ರ, ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಂಡರೆ ಮನುಷ್ಯ ಮುಗ್ಗರಿಸುತ್ತಾನೆ. ಇನ್ನು ರೈಲಂತೂ ಬರುವುದಿಲ್ಲವಾದ್ದರಿಂದ ಹಳಿಯ ತಲೆಯ ಮಟ್ಟಕ್ಕೇ ಎರಡೂ ಪಕ್ಕ ಕಾಂಕ್ರೀಟ್ ತುಂಬಿದೆವು. ಬರಿಯ ಡಸ್ಟ್ ತುಂಬಿದ್ದರೆ ಮಳೆ ಮೊದಲು ತಿನ್ನುತ್ತಿದ್ದದ್ದು ಅದನ್ನೇ. ಮಳೆಯಲ್ಲಿ ಉಕ್ಕು ಜಾರುತ್ತದೆ, ಅದಕ್ಕೆ ಉಪಾಯ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅಲ್ಲಿ ಸೈಕಲ್ ಇಳಿದು ನಡೆಯಿರಿ ಎಂದು ಹಲಗೆ ಹಾಕಿದ್ದೇವೆ. ಓದುವವರು ಓದುತ್ತಾರೆ.

ಸೆಪ್ಟೆಂಬರ್

ಬೆಂಗಳೂರಿಗೆ ಹೆಚ್ಚು ಮಳೆ ಬೀಳುವ ತಿಂಗಳು. ನಿನ್ನೆ ರಾತ್ರಿ ಒಂಬತ್ತಕ್ಕೆ ಹಿಡಿದ ಮಳೆ ಹನ್ನೊಂದಾದರೂ ಬಿಡಲಿಲ್ಲ. ಮನೆಯವರು ಬಯ್ಯುತ್ತಿದ್ದರೂ ಟಾರ್ಚ್ ಹಿಡಿದು ಹೋದೆ. ಬೇಲಿಯ ಹತ್ತಿರ ಆಗಲೇ ಒಂದು ಟಾರ್ಚ್ ಓಡಾಡುತ್ತಿತ್ತು. ಯಜಮಾನರು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ.

ಇಬ್ಬರೂ ಮಾತಾಡದೆ ಈ ತುದಿಯಿಂದ ಆ ತುದಿಗೆ ನಡೆದೆವು. ನೀರು ತೆಳ್ಳಗೆ, ಗಾಜಿನ ಹಾಳೆಯಂತೆ, ಪಶ್ಚಿಮದಿಂದ ಪೂರ್ವಕ್ಕೆ ಸರಿದು ಚರಂಡಿಗೆ ಇಳಿಯುತ್ತಿತ್ತು. ಬಹುಪಾಲು ಬಣ್ಣವಿಲ್ಲದ ನೀರು, ಅಂದರೆ ಡಸ್ಟ್ ಕದಲಿರಲಿಲ್ಲ. ಮೋರಿಯ ಬಾಯಲ್ಲಿ ಗುಡುಗುಡು ಸದ್ದು. 140ನೇ ಮೀಟರಿನಲ್ಲಿ, ಹೊಂಗೆ ಮರಕ್ಕಾಗಿ ಹಾದಿ ಬಾಗುವ ಕಡೆ ಯಜಮಾನರು ನಿಂತು ಟಾರ್ಚನ್ನು ಕೆಳಗೆ ಬಿಟ್ಟರು. ತಟ್ಟೆಯಗಲ ನೀರು ನಿಂತಿತ್ತು, ಹೊಂಗೆಯ ಎರಡು ಹೂ ಅದರಲ್ಲಿ ಸುಮ್ಮನೆ ತೇಲುತ್ತಿದ್ದವು. ಬಾಗಿನಲ್ಲಿ ಹಾದಿ ಅಗಲವಾಗಿದೆ, ನನ್ನ ಪಟ್ಟಿ 1.8 ಮೀಟರಿನದು. ಅಲ್ಲಿ ವಾಟ ತಪ್ಪಿದೆ.

ಯಜಮಾನರು ಬೆರಳನ್ನು ನೀರಿಗೆ ಇಳಿಸಿ ಆಳ ನೋಡಿದರು. ಒಂದು ಗೆಣ್ಣು.

"ಶನಿವಾರ ಮೂರು ಬಾಂಡಲಿ ಡಸ್ಟ್ ಸಾಕು" ಎಂದರು.

ಪಟ್ಟಿಗೆ ಇನ್ನೊಂದು ಅರ್ಧ ಮೀಟರ್ ಜೋಡಿಸಬೇಕು, ಅಡಿಯ ಮರದ ತುಂಡನ್ನೂ ಆ ಲೆಕ್ಕಕ್ಕೆ ಬದಲಿಸಬೇಕು.